ನೈಟ್ ಶಿಫ್ಟ್ ಇದ್ದವ್ರು ಲಾಂಗ್ ರನ್ ಯಾವಾಗ ಓಡ್ತೀರಿ? (ಕಾರವಾರ)

ಲ್ಯಾಬ್_ನೈಟ್:
ಎಲ್ರಿಗೂ ನಮಸ್ಕಾರ. ಜನವರಿ ಮೂರನೇ ಭಾನುವಾರ ಮುಂಬೈ ಹಾಫ್ ಮ್ಯಾರಥಾನ್‌ಗೆ ಹೆಸ್ರು ಕೊಟ್ಟಿದ್ದೇನೆ. ಕೆಲ್ಸ ಆಸ್ಪತ್ರೆ ಲ್ಯಾಬಲ್ಲಿ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರು, ನಾಲ್ಕು ನೈಟ್ ಆದ್ಮೇಲೆ ಎರಡು ದಿನ ಆಫ್. ಸಣ್ಣ ಓಟ ಎಲ್ಲ ಹೇಗೋ ಹೊಂದಿಸ್ಕೊಳ್ತೇನೆ, ಆದ್ರೆ 16-18 ಕಿಲೋಮೀಟರ್ ಓಡೂದನ್ನ ಎಲ್ಲಿ ತುರುಕೂದು ಅಂತ್ಲೇ ಗೊತ್ತಾಗ್ತಿಲ್ಲ. ಡ್ಯೂಟಿ ಮುಗ್ಸಿ ಸೀದಾ ಟಾಗೋರ್ ಬೀಚಿಗೆ ಇಳಿದ್ರೆ ಮೊದ್ಲು ಚೆಂದ ಇರ್ತದೆ, ಅರ್ಧ ಆಗ್ತಿದ್ದಂಗೆ ಕಾಲು ಏಳೂದಿಲ್ಲ, ಮನೆಗೆ ಬಂದು ಮಲಗಿದ್ರೆ ನಿದ್ದೆನೂ ಇಲ್ಲ. ಸಂಜೆ ಓಡೂದಂದ್ರೆ ಈ ಅಕ್ಟೋಬರ್ ಸೆಕೆ. ರೂಟೂ ಹೇಳಿ, ಹೈವೇ ಮಾತ್ರ ಬೇಡ ಅಂತ ಮನೆಯವ್ಳ ಕಂಡೀಷನ್.

ಕದ್ರಾ_ಲೈನ್:
ತಮ್ಮಾ, ಮೊದ್ಲು ಈ ಭಾನುವಾರದ ಲೆಕ್ಕ ಬಿಡು. ಎಲ್ಲ ಪ್ಲಾನ್‌ನಲ್ಲೂ ಭಾನುವಾರ ಲಾಂಗ್ ರನ್ ಅಂತ ಬರೆದಿರ್ತಾರೆ, ಅದು ಹಗಲು ಕೆಲ್ಸದವ್ರಿಗೆ. ನಿಂಗೆ ವಾರ ಅಂದ್ರೆ ಆರೇ ದಿನ, ರೋಸ್ಟರ್ ಹೇಗೆ ತಿರುಗ್ತದೋ ಲಾಂಗ್ ರನ್ನೂ ಹಾಗೇ ತಿರುಗ್ಲಿ. ಕೊನೇ ನೈಟ್ ಮುಗ್ಸಿ ಬಂದ ದಿನ ಎಂತದೂ ಬೇಡ, ಮಧ್ಯಾಹ್ನದ ತನಕ ಮಲಗು, ಎದ್ದು ಊಟ ಮಾಡು, ರಾತ್ರಿ ಎಲ್ರ ಜೊತೆ ಬೇಗ ಮಲಗು, ಮಾರನೇ ಬೆಳಿಗ್ಗೆ ಓಡು. ಬೆಳಗಿನ ಜಾವ ನಾಲ್ಕೈದು ಗಂಟೆಗೆ ಮೈಯ ಉಷ್ಣಾಂಶ ದಿನದಲ್ಲೇ ಕಮ್ಮಿ ಇರ್ತದೆ, ಶಿಫ್ಟಲ್ಲಿ ಆ ಹೊತ್ತಿಗೆ ತೂಕಡಿಕೆ ಬರೂದು ಅದಕ್ಕೇ, ಆರು ಗಂಟೆಗೂ ಮೈ ಪೂರ್ತಿ ಎದ್ದಿರೂದಿಲ್ಲ, ಅದ್ರ ಮೇಲೆ 18 ಕಿಲೋಮೀಟರ್ ಹೇರಿದ್ರೆ ಕಾಲು ಏಳೂದು ಹೇಗೆ. ನಾನೂ ಶಿಫ್ಟಿನವ್ನೇ ಮಾರಾಯ, ಫಿಟ್ನೆಸ್ ಇಲ್ಲ ಅಂತ ತಲೆ ಕೆಡಿಸ್ಕೊಳ್ಬೇಡ.

ರೂಟ್: ಕಡವಾಡ ಕಡೆ ಹೋಗು, ಕೈಗಾ ರಸ್ತೆ. ನೆರಳಿದೆ, ಶಿಫ್ಟ್ ಬಸ್ ಹೋಗೂ ಹೊತ್ತು ಬಿಟ್ರೆ ಗಾಡಿನೂ ಕಮ್ಮಿ. ಕಾಳಿ ಸೇತುವೆ ಕಡೆ ಬೇಡವೇ ಬೇಡ, 2024 ಆಗಸ್ಟಲ್ಲಿ ಹಳೇದು ಬಿದ್ದಾಗಿಂದ ಎರಡೂ ಕಡೆ ಗಾಡಿ ಒಂದ್ರ ಮೇಲೇ ನುಗ್ತವೆ. ಬಿಣಗಾ ಸುರಂಗದ ಒಳಗೆ ಓಡುವವ್ರನ್ನೂ ನೋಡಿದ್ದೇನೆ, ಅವ್ರಿಗೆ ದೇವ್ರೇ ಗತಿ.

ಘಟ್ಟದ_ಮೇಲೆ (ಶಿರಸಿ):
ನಾನು ನರ್ಸ್, ನಂದೂ ನೈಟ್ ಡ್ಯೂಟಿ. ಕದ್ರಾ ಅಣ್ಣ ಹೇಳಿದ್ದು ಸರಿ, ಆದ್ರೆ ಮನೇಲಿ ಮಕ್ಳು ಮರಿ ಇದ್ರೆ ಆ ಎರಡನೇ ಆಫ್ ಬೆಳಿಗ್ಗೆ ನಮ್ಮ ಕೈಗೆ ಸಿಗೂದೇ ಅಪರೂಪ. ಅಂಥ ವಾರ ನಾನು ಒಡೆದು ಓಡ್ತೇನೆ, ಸಂಜೆ ಹತ್ತು ಕಿಲೋಮೀಟರ್, ಮಾರನೇ ಬೆಳಿಗ್ಗೆ ಎಂಟು. ಒಂದೇ ಸಲ ಹದಿನೆಂಟು ಓಡಿದ್ದಕ್ಕೆ ಸಮ ಅಲ್ಲ, ಆದ್ರೂ ಬಿಟ್ಟುಬಿಡೂದಕ್ಕಿಂತ ಎಷ್ಟೋ ವಾಸಿ.

ನಿಮ್ಮ ನಿದ್ದೆಗೆ ಕಲ್ಲು ಹಾಕ್ತಿರೋದು ಬಿಸಿಲು. ಡ್ಯೂಟಿ ಮುಗ್ಸಿ ಒಂದೂವರೆ ತಾಸು ಬೆಳಕಲ್ಲಿ ಇದ್ರೆ ಮೈ ಬೆಳಗಾಯ್ತು ಅಂದ್ಕೊಳ್ತದೆ. ಮನೆಗೆ ಹೋಗ್ವಾಗ ಕೂಲಿಂಗ್ ಗ್ಲಾಸ್ ಹಾಕಿ, ನಗುವವ್ರು ನಗ್ಲಿ, ರೂಮಿಗೆ ದಪ್ಪ ಪರದೆ ಹಾಕ್ಸಿ. ಚಾ ಎಷ್ಟೊತ್ತಿಗೆ ಕುಡೀತೀರಿ? ಕೆಫೀನ್ ಅರ್ಧ ಇಳಿಲಿಕ್ಕೇ ಸುಮಾರು ಐದು ತಾಸು ಬೇಕು, ನಾಲ್ಕು ಗಂಟೆ ಚಾ ಒಂಬತ್ತಕ್ಕೂ ರಕ್ತದಲ್ಲಿ ಇರ್ತದೆ. ನಾನು ಎರಡು ಗಂಟೆ ಮೇಲೆ ಮುಟ್ಟೂದಿಲ್ಲ.

ಅಂಕೋಲಾ_ಎಕ್ಸ್‌ಪ್ರೆಸ್:
ಎಲ್ರೂ ಬೇಡ ಅಂದ್ರೆ ಹೇಗೆ. ನಾನು ಐಸ್ ಪ್ಲಾಂಟ್ ನೈಟ್ ಮುಗ್ಸಿ ಆಗಾಗ ಓಡ್ತೇನೆ, ಆದ್ರೆ ಮೊದಲ್ನೇ ನೈಟ್ ಆದ್ಮೇಲೆ ಮಾತ್ರ, ಅವತ್ತು ಹಗಲು ನಿದ್ದೆ ಮಾಡಿ ಡ್ಯೂಟಿಗೆ ಹೋಗಿರ್ತೇನಲ್ಲ. ಅದೂ ಎಂಟು ಕಿಲೋಮೀಟರ್ ಮೇಲೆ ಇಲ್ಲ. ಓಡಿದ್ಮೇಲೆ ಬೈಕ್ ಹತ್ತಬೇಡಿ, ಯಾರಾದ್ರೂ ಬಿಡ್ಲಿ ಇಲ್ಲಾ ಬಸ್ ಹಿಡೀರಿ, ನಿದ್ದೆಗಣ್ಣು ಪ್ಲಸ್ ಸುಸ್ತು ಪ್ಲಸ್ ಎನ್‌ಎಚ್ 66, ಅದು ನಂಗೂ ಹೆದ್ರಿಕೆ.

ಬೀಚ್ ಓಟದ್ದು ಯಾರೂ ಹೇಳ್ಲಿಲ್ಲ. ಇಳಿತದಲ್ಲಿ ಮಾತ್ರ ಇಳೀರಿ, ಒದ್ದೆ ಮರಳು ಗಟ್ಟಿ ಇರ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡ ಆಗ್ತಾ ಹೋಗ್ತದೆ, ಹಾಗಾಗಿ ಈ ವಾರ ಸಿಕ್ಕಿದ್ದು ಮುಂದಿನ ವಾರ ಅದೇ ಟೈಮಿಗೆ ಸಿಗೂದಿಲ್ಲ. ದಂಡೆ ಸಮುದ್ರದ ಕಡೆ ಇಳಿಜಾರು, ಒಂದು ಕಾಲು ಯಾವಾಗ್ಲೂ ತಗ್ಗಲ್ಲಿ, ಹೋದಷ್ಟೇ ದೂರ ತಿರುಗಿ ಬನ್ನಿ, ಇಲ್ಲಾಂದ್ರೆ ಮಂಡಿ ಹೊರಗಡೆ ಹಿಡೀತದೆ. ಮೀನುಗಾರ್ರು ಏಂಡಿ ಬಲೆ (ದಂಡೆಯಿಂದ ಎಳೆಯೂ ಬಲೆ) ಎಳೀತಿದ್ರೆ ಹಗ್ಗ ದಂಡೆಗೆ ಅಡ್ಡ ಬಂದಿರ್ತದೆ, ಒದ್ದೆ ಮರಳಿನ ಬಣ್ಣವೇ ಅದಕ್ಕೂ, ಕಾಣೂದಿಲ್ಲ. ಹಾರ್ಬೇಡಿ, ಎಳೆಯುವವ್ರ ಹಿಂದಿಂದ ಸುತ್ತಿ ಬನ್ನಿ.

ಲ್ಯಾಬ್_ನೈಟ್:
ಆರು ದಿನದ ವಾರ ಅಂತ ಯೋಚ್ನೆನೇ ಮಾಡಿರ್ಲಿಲ್ಲ, ಕ್ಯಾಲೆಂಡರ್ ಹಿಡ್ಕೊಂಡು ಕೂತಿದ್ದೇನೆ. ಚಾ ನಾಲ್ಕೂವರೆಗೆ ಕುಡೀತೇನೆ ಅಕ್ಕಾ, ಕಮ್ಮಿ ಮಾಡ್ತೇನೆ. ಓಡೂ ಮೊದ್ಲು ಎಂತ ತಿನ್ನೂದು?

ಕದ್ರಾ_ಲೈನ್:
ಹಿಂದಿನ ರಾತ್ರಿ ಕುಚ್ಚಲಕ್ಕಿ ಗಂಜಿ ಹೊಟ್ಟೆ ತುಂಬ. ಬೆಳಿಗ್ಗೆ ಎರಡು ಬಾಳೆಹಣ್ಣು ಸಾಕು. ಒಂದು ಬಾಟ್ಲಿಯಲ್ಲಿ ಕೋಕಂ ಶರಬತ್ತು, ಉಪ್ಪು ಸ್ವಲ್ಪ ಜಾಸ್ತಿ ಹಾಕು, ನಮ್ಮ ಕಡೆ ಹವೆಗೆ ಬೆವರು ಆರೂದೇ ಇಲ್ಲ, ಬರೀ ಸುರೀತದೆ. ಸ್ಪೀಡ್ ನೋಡ್ಲೇಬೇಡ, ಪಕ್ಕದವ್ರ ಹತ್ರ ಮಾತಾಡ್ಕೊಂಡು ಓಡೂ ಹಾಗಿರ್ಬೇಕು. ಮುಂಬೈಲಿ ಹಾಫ್ ಕತ್ತಲೆ ಇದ್ದಾಗ್ಲೇ ಶುರು, ಅದಕ್ಕೆ ಡಿಸೆಂಬರಲ್ಲಿ ಒಂದೆರಡು ಲಾಂಗ್ ರನ್ ಐದು ಗಂಟೆಗೇ ಹೊರಡು. ರೇಸಿನ ಹಿಂದಿನ ಮೂರು ರಾತ್ರಿ ರಜೆಗೆ ಈಗ್ಲೇ ಅರ್ಜಿ ಹಾಕು, ಡಿಸೆಂಬರ್ ಬಂದ್ರೆ ಎಲ್ರೂ ಕೇಳ್ತಾರೆ.