ಸಹಾಯ ಬೇಕು: ಗೀಸರ್ ಮೇಲೆ ಅಳಿಲು ಗೂಡು ಕಟ್ಟಿದೆ, ಒಳಗೆ ಮರಿಗಳಿವೆ

ಎಲ್ಲರಿಗೂ ನಮಸ್ಕಾರ. ನಾವು ಪುಣೆಯ ಕೋಥ್ರೂಡ್‌ನಲ್ಲಿ ಎರಡನೇ ಮಹಡಿಯಲ್ಲಿದ್ದೇವೆ. ಕಿಟಕಿಗೆ ತಾಗುವಷ್ಟು ಹತ್ತಿರ ಮಾವಿನ ಮರ ಇದೆ.

ಮೊದಲು ಇಲಿ ಅಂದುಕೊಂಡಿದ್ದೆ. ಆದರೆ ಸದ್ದು ಹಗಲಲ್ಲಿ ಮಾತ್ರ, ರಾತ್ರಿ ಏನೂ ಇಲ್ಲ. ಮೊನ್ನೆ ಕಣ್ಣಾರೆ ಕಂಡೆ. ಬಚ್ಚಲಿನ ಎಕ್ಸಾಸ್ಟ್ ಫ್ಯಾನಿನ ಸಂದಿಯಿಂದ ಅಳಿಲು ಒಳಗೆ ಬಂತು, ಬಾಯಲ್ಲಿ ನಮ್ಮ ಕಾಲೊರಸಿನ ನಾರು! ಬೆನ್ನ ಮೇಲೆ 3 ಗೆರೆಯೋ 5 ಗೆರೆಯೋ ನೋಡುವಷ್ಟರಲ್ಲಿ ಮಾಯ. ಸ್ಟೂಲ್ ಹತ್ತಿ ನೋಡಿದರೆ ಗೀಸರ್ ಮೇಲೆ ನಾರು, ಹತ್ತಿ, ಪೊರಕೆ ಕಡ್ಡಿ ಎಲ್ಲಾ ಸೇರಿಸಿದ ದೊಡ್ಡ ಉಂಡೆ. ಒಳಗಿಂದ ಸಣ್ಣಗೆ ಚೀಂ ಚೀಂ.

ನನಗೆ ಜಾಸ್ತಿ ಭಯ ವೈರಿನದು. ಅಳಿಲಿನ ಹಲ್ಲು ಬೆಳೆಯುತ್ತಲೇ ಇರುತ್ತೆ, ಏನಾದರೂ ಕಡಿಯಲೇಬೇಕು ಅಲ್ವಾ. ಗೀಸರ್ ವೈರಿನ ಒಂದು ಕಡೆ ತಾಮ್ರ ಕಾಣಿಸುತ್ತಿದೆ. ಸ್ವಿಚ್ ಆಫ್ ಮಾಡಿ, ಒಲೆ ಮೇಲೆ ನೀರು ಕಾಯಿಸುತ್ತಿದ್ದೇವೆ.

ಅಂಗಡಿಯಲ್ಲಿ ‘ಖಾರ್’ (ಅಂದರೆ ಅಳಿಲು) ಅಂತ ಮರಾಠಿಯಲ್ಲಿ ಬಿಡಿಸಿ ಹೇಳಿದರೂ ಇಲಿ ಪಾಷಾಣವನ್ನೇ ಕೈಗಿಟ್ಟರು. ವಿಷ, ಅಂಟಿನ ಹಲಗೆ ಎರಡೂ ನನಗೆ ಬೇಡ. ಈಗಲೇ ಸಂದಿ ಮುಚ್ಚಿದರೆ ತಾಯಿ ಹೊರಗೆ, ಮರಿಗಳು ಒಳಗೆ ಹಸಿದು ಸಾಯುತ್ತವೆ.

ಮರಿಗಳು ತಾವಾಗಿ ಹೊರಗೆ ಹೋಗಲು ಎಷ್ಟು ವಾರ ಬೇಕು? ಗೂಡನ್ನು ಹಾಗೇ ಎತ್ತಿ ರಟ್ಟಿನ ಡಬ್ಬದಲ್ಲಿ ಕಿಟಕಿ ಹತ್ತಿರ ಇಟ್ಟರೆ ತಾಯಿ ಬಂದು ಒಯ್ಯುತ್ತಾ? ಯಾರಾದರೂ ಹೀಗೆ ಮಾಡಿದ್ದೀರಾ? ಆಮೇಲೆ ಸಂದಿಗೆ ಎಂಥ ಜಾಲರಿ ಹಾಕಿಸಲಿ? ಪ್ಲಾಸ್ಟಿಕ್‌ದು ಕಡಿದು ಹಾಕುತ್ತೆ. ಕೋಥ್ರೂಡ್ ಕಡೆ ಈ ಕೆಲಸ ಮಾಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.