ಅಪ್ಪನ ಹಳೇ ಕೋವಿ ಬೇಡ, ಬೆಂಗಳೂರಲ್ಲಿ ಎಲ್ಲಿ ಒಪ್ಪಿಸಬೇಕು?

ಕೊಪ್ಪದ_ಮಗಳು, ಜಯನಗರ

ಅಪ್ಪ ಕೊಪ್ಪದ ಹತ್ತಿರದ ಅಡಿಕೆ ತೋಟ ಮಾರಿ ನಮ್ಮ ಜೊತೆ ಇರಲು ಬಂದಾಗ ಜೋಡಿ ನಳಿಗೆಯ ಕೋವಿಯನ್ನೂ ತಂದಿದ್ದರು. ಕಾಡುಹಂದಿ ಕಾಟಕ್ಕೆಂದು ತೆಗೆದುಕೊಂಡದ್ದು. ಬೆಳೆ ರಕ್ಷಣೆ ಲೈಸೆನ್ಸ್, ಚಿಕ್ಕಮಗಳೂರು ಡಿಸಿ ಆಫೀಸಿನದು. ಅಪ್ಪ ಈಚೆಗೆ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿಸಿ ಅವರ ಬೀರು ತೆಗೆದೆವು. ಹಳೇ ಪಂಚೆಯಲ್ಲಿ ಸುತ್ತಿಟ್ಟ ಕೋವಿ ಇತ್ತು. ಕೈ ತಾಗಿ ತಾಗಿ ಹಿಡಿಯ ಮರ ಕಪ್ಪಗೆ ನುಣುಪಾಗಿದೆ. ಜೊತೆಗೆ ಚರ್ಮದ ಪಟ್ಟಿ, ಅದರ ತುಂಬ ಕೆಂಪು ತೋಟಾಗಳು. ಅವುಗಳ ಹಿತ್ತಾಳೆ ಬುಡಕ್ಕೆಲ್ಲ ಕಿಲುಬು ಹಿಡಿದಿದೆ.

ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗ ಇದ್ದಾನೆ. ನನಗೆ ನಿದ್ದೆ ಬರುತ್ತಿಲ್ಲ. ತಮ್ಮ ಅಮೆರಿಕದಲ್ಲಿದ್ದಾನೆ, ಅವನಿಗೂ ಬೇಡ. ಅಲ್ಲಿ ಕೆಲವು ಊರುಗಳಲ್ಲಿ ಹಳೇ ಗನ್ ತಂದುಕೊಟ್ಟವರಿಗೆ ದುಡ್ಡನ್ನೂ ಕೊಡುತ್ತಾರಂತೆ. ನನಗೆ ದುಡ್ಡು ಬೇಡ. ಅದು ಯಾರದೋ ಕೈಗೆ ಸಿಕ್ಕಿ ಅನಾಹುತ ಆಗಬಾರದು, ಅಷ್ಟೇ.

ಗಿರಿನಗರ_77

ಗುಜರಿಯಲ್ಲಿ ಗ್ಯಾಸ್ ಕಟ್ಟರ್ ಹಾಕಿ ತುಂಡು ಮಾಡಿಸಿಬಿಡಿ. ಠಾಣೆಗೆ ಹೋದರೆ ಸುಮ್ನೆ ಅಲೆದಾಟ.

ನಿವೃತ್ತ_ರೈಟರ್

ಅಮ್ಮಾ, ದಯವಿಟ್ಟು ಆ ಕೆಲಸ ಮಾಡಬೇಡಿ. ನಾನು ಬೆಂಗಳೂರಿನ ಠಾಣೆಗಳಲ್ಲೇ ರೈಟರ್ ಆಗಿದ್ದವನು. ಇಂಥ ಕೋವಿಗಳು ಮೇಜಿನ ಮೇಲೆ ಬಂದಾಗ ದಾಖಲೆ ಬರೆದವನು. ಲೈಸೆನ್ಸ್ ಇಲ್ಲದೆ ನಳಿಗೆ ಕತ್ತರಿಸಿ ಗಿಡ್ಡ ಮಾಡುವುದೇ ಬೇರೆ ಅಪರಾಧ. ಗುಜರಿಗೆ ಹೋದದ್ದು ಅಲ್ಲಿಂದ ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು? ಕೆರೆಗೆ ಎಸೆಯುವ ಮಾತನ್ನೂ ಕೇಳಿದ್ದೇನೆ. ಮುಂದೆ ಅದು ಯಾರ ಕೈಗಾದರೂ ಸಿಕ್ಕರೆ ನಂಬರ್ ಹಿಡಿದು ನಿಮ್ಮ ತಂದೆಯ ಹೆಸರಿಗೇ ಬರುತ್ತಾರೆ.

ಲೈಸೆನ್ಸ್ ನಿಮ್ಮ ತಂದೆಗೆ ಕೊಟ್ಟದ್ದು, ಮನೆಗೆ ಕೊಟ್ಟದ್ದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಪ್ರಕಾರ ಇಂಥ ಕೋವಿಯನ್ನು ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ಇಲ್ಲವೇ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಗೆ ಒಪ್ಪಿಸಬೇಕು. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡರೆ, 2019ರ ತಿದ್ದುಪಡಿ ಆದಮೇಲೆ, ಕನಿಷ್ಠ 2 ವರ್ಷದಿಂದ 5 ವರ್ಷದವರೆಗೆ ಜೈಲು. ಹೆದರಿಸಲು ಹೇಳುತ್ತಿಲ್ಲ. ತಾವಾಗಿಯೇ ತಂದು ಒಪ್ಪಿಸುವವರಿಗೆ ದಾರಿ ಇದೆ, ಆ ದಾರಿಯಲ್ಲಿ ಹೋಗಿ ಎನ್ನುತ್ತಿದ್ದೇನೆ.

ಕೋವಿಯನ್ನು ನೀವೇ ಆಟೋದಲ್ಲೋ ಕಾರಿನಲ್ಲೋ ಒಯ್ಯಬೇಡಿ. ಮೊದಲು ಠಾಣೆಗೆ ಫೋನ್ ಮಾಡಿ, ಆಮೇಲೆ ಬರಿಗೈಯಲ್ಲಿ ಹೋಗಿ. ಮರಣ ಪ್ರಮಾಣಪತ್ರ, ಲೈಸೆನ್ಸ್ ಪುಸ್ತಕ, ಒಂದು ಅರ್ಜಿ, ಇಷ್ಟು ಸಾಕು. ಅರ್ಜಿಯಲ್ಲಿ ಕೋವಿಯ ನಂಬರ್, ತೋಟಾಗಳ ಲೆಕ್ಕ ಬರೆಯಿರಿ. ಕೋವಿಯನ್ನು ಹೇಗೆ ತರಬೇಕೆಂದು ಅವರೇ ಹೇಳುತ್ತಾರೆ. ಒಳಗೆ ತೋಟಾ ಇದೆಯೋ ಎಂದು ಕುದುರೆ (ಟ್ರಿಗರ್) ಎಳೆದು ನೋಡಲು ಹೋಗಬೇಡಿ. ಗೊತ್ತಿಲ್ಲದವರು ಮುಟ್ಟದಿರುವುದೇ ಸರಿ. ಇದನ್ನು ಓದುವ ಬೇರೆ ಯಾರ ಮನೆಯಲ್ಲಾದರೂ ಕೇಪಿನ ಕೋವಿ ಇದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಮದ್ದು ಮುಂದಿನಿಂದ ತುಂಬಿ ಜಡಿದಿರುತ್ತಾರೆ. ತುಂಬಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ.

ಸಹಿ, ಮೊಹರು, ಕೋವಿಯ ನಂಬರ್ ಇರುವ ರಸೀದಿ ಸಿಗದೆ ಠಾಣೆಯಿಂದ ಏಳಬೇಡಿ. ಅದರ ಒಂದು ಪ್ರತಿಯನ್ನು ಚಿಕ್ಕಮಗಳೂರು ಡಿಸಿ ಆಫೀಸಿಗೆ ಸ್ಪೀಡ್ ಪೋಸ್ಟ್ ಮಾಡಿ. ನಿಯಮದಲ್ಲಿ ಹೇಳಿದ ಗಡುವಿನೊಳಗೆ ಯಾರೂ ಬಿಡಿಸಿಕೊಳ್ಳದಿದ್ದರೆ ಕೋವಿ ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ. ನಿಮಗೆ ಬೇಕಾದದ್ದೂ ಅದೇ ಅಲ್ವಾ?

ಸಕಲೇಶಪುರ_ಸೀಮೆ

ಅಕ್ಕಾ, ನಮ್ಮ ಮಾವನವರ ಕೋವಿಯನ್ನು ನಾವೂ ಹೀಗೇ ಒಪ್ಪಿಸಿದೆವು. ಮೊದಲು ಹೋದ ಠಾಣೆಯಲ್ಲಿ "ಲೈಸೆನ್ಸ್ ಹಾಸನದ್ದು, ಅಲ್ಲೇ ಕೊಡಿ" ಎಂದು ವಾಪಸ್ ಕಳಿಸಿದರು. ನಮ್ಮ ಯಜಮಾನರು ಅರ್ಜಿಯಲ್ಲಿ 21ನೇ ಕಲಂ ಬರೆದು, "ಹತ್ತಿರದ ಠಾಣೆ" ಎನ್ನುವ ಮಾತಿನ ಕೆಳಗೆ ಗೆರೆ ಎಳೆದು ಮತ್ತೆ ಕೊಟ್ಟರು. ಆಮೇಲೆ ತೆಗೆದುಕೊಂಡರು. ಲೈಸೆನ್ಸ್ ಊರಿನದ್ದು ಎಂದು ಕೋವಿಯನ್ನು ಘಾಟಿ ದಾರಿಯಲ್ಲಿ ಹೊತ್ತುಕೊಂಡು ಹೋಗಬೇಡಿ.

ಕೊಪ್ಪದ_ಮಗಳು, ಜಯನಗರ

ತುಂಬಾ ಉಪಕಾರವಾಯ್ತು. ಇನ್ನೆರಡು ಪ್ರಶ್ನೆ. ಕಿಲುಬು ಹಿಡಿದ ತೋಟಾಗಳನ್ನು ಕಸದ ಗಾಡಿಗೆ ಹಾಕಬಹುದಾ? ತಮ್ಮನ ಒಪ್ಪಿಗೆ ಬೇಕಾ?

ನಿವೃತ್ತ_ರೈಟರ್

ಕಸಕ್ಕೆ ಖಂಡಿತ ಹಾಕಬೇಡಿ, ಬೆಂಕಿಗಂತೂ ಹಾಕಲೇಬೇಡಿ. ಕಸ ಬೇರ್ಪಡಿಸುವ ಹೆಣ್ಣುಮಕ್ಕಳು ಬರಿಗೈಯಲ್ಲಿ ಮುಟ್ಟುತ್ತಾರೆ. ತೋಟಾಗಳೂ ಕೋವಿಯ ಜೊತೆಗೇ ಒಪ್ಪಿಸಬೇಕು. ಖಾಲಿ ಚರ್ಮದ ಪಟ್ಟಿ ನಿಮ್ಮಲ್ಲೇ ಇರಲಿ. ಠಾಣೆಗೆ ಒಪ್ಪಿಸಲು ತಮ್ಮನ ಸಹಿಗೆ ಕಾಯಬೇಕಿಲ್ಲ. ಮನೆಯಲ್ಲಿ ಯಾರಾದರೂ ಕೋವಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವುದಾದರೆ ಆಗ ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕು. ಆದರೂ ಅವನಿಂದ "ನನಗೆ ಬೇಡ" ಎಂದು ಒಂದು ಇಮೇಲ್ ತರಿಸಿ ಅರ್ಜಿಗೆ ಲಗತ್ತಿಸಿ. ಫೋನ್ ಮಾತ್ರ ನಾಳೆ ಬೆಳಿಗ್ಗೆಯೇ ಮಾಡಿ. ಅಲ್ಲಿಯವರೆಗೆ ಬೀರುವಿನ ಕೀ ನಿಮ್ಮ ಹತ್ತಿರವೇ ಇರಲಿ.