ಈಟಿಪಿಯಲ್ಲಿ (ತ್ಯಾಜ್ಯನೀರು ಶುದ್ಧೀಕರಣ ಘಟಕ) ಸುಣ್ಣ ಹಾಕಿದರೂ ನೀರು ಹಳದಿ, ನಿಕ್ಕಲ್ ಇಳಿಯುತ್ತಿಲ್ಲ

ಹೊಸೂರು_ಪ್ಲೇಟಿಂಗ್:
ಹೊಸೂರಿನಲ್ಲಿ ಚಿಕ್ಕ ಪ್ಲೇಟಿಂಗ್ (ಲೋಹಲೇಪನ) ಘಟಕ. ನಿಕ್ಕಲ್, ಕ್ರೋಮ್ ಎರಡರ ರಿನ್ಸ್ (ತೊಳೆದ) ನೀರೂ ಒಂದೇ ಟ್ಯಾಂಕಿಗೆ ಬೀಳುತ್ತೆ, ಬ್ಯಾಚಿಗೆ 1,000 ಲೀಟರ್. ಸುಣ್ಣ ಹಾಕಿ ಪಿಎಚ್ 8.5ಕ್ಕೆ ತಂದು ಪಾಲಿ (ಕೆಸರು ಒಟ್ಟುಗೂಡಿ ಕೂರಿಸುವ ಪಾಲಿಮರ್) ಕೊಡ್ತೀವಿ. ಕೆಸರು ಚೆನ್ನಾಗಿ ಕೂರುತ್ತೆ, ಆದರೆ ಮೇಲಿನ ನೀರು ತಿಳಿಹಳದಿ. ನಿಕ್ಕಲ್ ಲೀಟರಿಗೆ 6 ಮಿಲಿಗ್ರಾಂ. ಸುಣ್ಣ ಇನ್ನೂ ಹೆಚ್ಚಿಸಬೇಕಾ?

ಕೆಸರುತೊಟ್ಟಿ:
ಬೇಡಿ ಸಾರ್. ಆ ಹಳದಿ ಹೆಕ್ಸಾವೇಲೆಂಟ್ ಕ್ರೋಮ್ (ನೀರಲ್ಲಿ ಕರಗಿಯೇ ಇರುವ ಕ್ರೋಮಿಯಂ ರೂಪ), ಸುಣ್ಣ ಎಷ್ಟು ಸುರಿದರೂ ಕೂರಲ್ಲ. ಮೊದಲು ಎರಡು ಲೈನನ್ನೂ ಬೇರೆ ಮಾಡಿ.

ಕ್ರೋಮ್ ನೀರಿಗೆ ಸಲ್ಫ್ಯೂರಿಕ್ ಆಸಿಡ್ ಹಾಕಿ ಪಿಎಚ್ 2–2.5ಕ್ಕೆ ಇಳಿಸಿ, ಸೋಡಿಯಂ ಮೆಟಾಬೈಸಲ್ಫೈಟ್ ಕೊಡಿ. ಲೀಟರಿಗೆ 100 ಮಿಲಿಗ್ರಾಂ ಕ್ರೋಮ್ ಇದ್ದರೆ 1,000 ಲೀಟರಿಗೆ ಲೆಕ್ಕದಂತೆ 274 ಗ್ರಾಂ ಸಾಕು, ಆದರೆ 350 ಗ್ರಾಂ ಇಟ್ಟುಕೊಳ್ಳಿ. ಅರ್ಧ ಗಂಟೆ ಕಲಕಿದರೆ ಹಳದಿ ಹೋಗಿ ಹಸಿರಾಗುತ್ತೆ. ಪಿಎಚ್ 3 ದಾಟಿದರೆ ರಿಡಕ್ಷನ್ (ಕೂರುವ ರೂಪಕ್ಕೆ ಬದಲಾಗೋದು) ತೀರಾ ನಿಧಾನ. 2ಕ್ಕಿಂತ ಇಳಿದರೆ ಸಲ್ಫರ್ ಡೈಆಕ್ಸೈಡ್ ಮೂಗಿಗೆ ಹೊಡೆಯುತ್ತೆ, ಫ್ಯಾನ್ ಹಾಕಿಡಿ. ಬಣ್ಣ ನಂಬಬೇಡಿ, ಡೈಫಿನೈಲ್ ಕಾರ್ಬಜೈಡ್ ಹನಿ ಹಾಕಿ ನೋಡಿ: ನೇರಳೆ ಬಂದರೆ ಇನ್ನೂ ಉಳಿದಿದೆ. ಹೆಕ್ಸಾವೇಲೆಂಟ್ ಕ್ರೋಮ್‌ಗೆ ಮಿತಿ ಲೀಟರಿಗೆ 0.1 ಮಿಲಿಗ್ರಾಂ ಮಾತ್ರ. ಆಮೇಲೆ ಸುಣ್ಣ ಹಾಕಿ 8.5ಕ್ಕೆ ಏರಿಸಿ ಕೂರಿಸಿ.

ನಿಕ್ಕಲ್‌ಗೆ 8.5 ಸಾಲದು, 10–10.5 ಬೇಕು. ಅದೇ ಪಿಎಚ್‌ನಲ್ಲಿ ಕೂತ ಕ್ರೋಮ್ ಮತ್ತೆ ಕರಗತೊಡಗುತ್ತೆ. ಒಂದೇ ಟ್ಯಾಂಕಿನಲ್ಲಿ ಎರಡೂ ಆಗದಿರೋದು ಇದಕ್ಕೇ.

ಪ್ಲೇಟಿಂಗ್_ಕೆಮಿಸ್ಟ್:
ಸೈನೈಡ್ ಬಾತ್ ಏನಾದರೂ ಇದ್ದರೆ ಅದರ ಒಂದು ಹನಿಯೂ ಆಸಿಡ್ ಟ್ಯಾಂಕಿಗೆ ಬೀಳಬಾರದು. ಹೈಡ್ರೋಜನ್ ಸೈನೈಡ್ ಎದ್ದರೆ ಪ್ರಾಣಕ್ಕೇ ಕುತ್ತು.

ಪಿಎಚ್ 10.5ರಲ್ಲೂ ನಿಕ್ಕಲ್ ಲೀಟರಿಗೆ 3 ಮಿಲಿಗ್ರಾಂಗಿಂತ ಕೆಳಗೆ ಬರದಿದ್ದರೆ ಅಮೋನಿಯ, ಸಿಟ್ರೇಟ್, ಇಡಿಟಿಎಯಂಥವು ಅದನ್ನು ಕರಗಿದಂತೆಯೇ ಹಿಡಿದುಕೊಂಡಿವೆ ಅಂತ ಅರ್ಥ. ಡಿಗ್ರೀಸಿಂಗ್ (ಎಣ್ಣೆ-ಜಿಡ್ಡು ತೆಗೆಯುವ) ನೀರು ಅಲ್ಲಿಗೇ ಬರುತ್ತಿದೆಯಾ ನೋಡಿ. ಬೀಕರ್‌ಗಳಲ್ಲಿ 9.5ರಿಂದ 11ರವರೆಗೆ ಜಾರ್ ಟೆಸ್ಟ್ ಮಾಡಿದರೆ ಗೊತ್ತಾಗುತ್ತೆ. ಹಾಗಿದ್ದರೆ ಡೈಥಯೋಕಾರ್ಬಮೇಟ್ (ಹಾಗೆ ಹಿಡಿದಿಟ್ಟ ಲೋಹವನ್ನೂ ಕೂರಿಸುವ ರಾಸಾಯನಿಕ) ಬೇಕಾಗುತ್ತೆ.

ಇನ್ನೊಂದು: ಮರಳು ಫಿಲ್ಟರ್ ದಾಟಿದ ಮೇಲೇ ಪಿಎಚ್ 9ರೊಳಗೆ ಇಳಿಸಿ. ಮೊದಲೇ ಆಸಿಡ್ ಹಾಕಿದರೆ ತೇಲುವ ಸಣ್ಣ ಕೆಸರು ಕರಗಿ ನಿಕ್ಕಲ್ ಮತ್ತೆ ಏರುತ್ತೆ.

ಪಿನಾಕಿನಿ_ರೈತ:
ಕೆಸರಿನ ವಿಚಾರ ಯಾರೂ ಹೇಳಲಿಲ್ಲ. ಫಿಲ್ಟರ್ ಪ್ರೆಸ್ಸಿನಿಂದ ತೆಗೆದ ಕೇಕ್ ಬಯಲಲ್ಲಿ ರಾಶಿ ಹಾಕಬೇಡಿ, ಮಳೆಗೆ ಕೊಚ್ಚಿ ಹೋಗುತ್ತೆ. ಸೂರಿನಡಿ ಸಿಮೆಂಟ್ ನೆಲದ ಮೇಲೆ ಚೀಲದಲ್ಲಿಟ್ಟು, 90 ದಿನದೊಳಗೆ ಅಪಾಯಕಾರಿ ತ್ಯಾಜ್ಯ ಪಡೆಯಲು ಅನುಮತಿ ಇರುವಲ್ಲಿಗೇ ಮ್ಯಾನಿಫೆಸ್ಟ್ (ಸಾಗಣೆ ದಾಖಲೆ) ಸಮೇತ ಕಳಿಸಿ. ಕೆಲವರಪಳ್ಳಿ ಜಲಾಶಯದ ನೀರಿನಲ್ಲಿ ಬೆಳೆ ಬೆಳೆಯುವವರಿದ್ದೇವೆ. ಲೋಹ ಕೊಳೆಯೋದಿಲ್ಲ, ಹೂಳಿನಲ್ಲೇ ಉಳಿಯುತ್ತೆ.

ಹೊಸೂರು_ಪ್ಲೇಟಿಂಗ್:
ಡಿಗ್ರೀಸಿಂಗ್ ನೀರು ಅದೇ ಟ್ಯಾಂಕಿಗೇ ಬರ್ತಿದೆ. ಮೊದಲು ಅದನ್ನು ಬೇರೆ ಮಾಡಿ, ಕ್ರೋಮ್‌ಗೆ ಹೊಸ ಟ್ಯಾಂಕ್ ಇಡ್ತೀವಿ.